ಸಿಗ್ನಲ್ ತೊಳೆಯುವ ಡಬ್ಬಿಗಳು: ಕೊಳೆ ಇರುವುದಾದರೂ ಎಲ್ಲಿ?

ಹಾಡಿನ ಮೂಲ ಕ್ಯಾಸೆಟ್ಟು, ಸಿಡಿಗಳಿಂದ ಕಂಪ್ಯೂಟರಿಗೆ, ಅಲ್ಲಿಂದ ನೆಟ್‌ವರ್ಕ್ ಮೂಲಕ ಹಾಡು ತರಿಸಿ ನುಡಿಸುವ ಸ್ಟ್ರೀಮರಿಗೆ ಸರಿದಂತೆಲ್ಲ ಆಡಿಯೋ ಹವ್ಯಾಸಿಗಳಿಗೆ ಮಾರುವ ಸಾಮಾನೂ ಬದಲಾಗಿದೆ. ದಪ್ಪ ಸ್ಪೀಕರ್ ವೈರು, ಚಿನ್ನದ ಲೇಪದ ಪ್ಲಗ್ಗುಗಳ ಪಕ್ಕದಲ್ಲಿ ಈಗ ಪುಟ್ಟ ಪುಟ್ಟ ಡಬ್ಬಿಗಳು ಬಂದು ಕೂತಿವೆ. ಯುಎಸ್‌ಬಿ ಪೋರ್ಟಿಗೆ ಸಿಕ್ಕಿಸುವ ಫಿಲ್ಟರ್, ಬಂದ ಸಿಗ್ನಲನ್ನು ಹೊಸದಾಗಿ ರೂಪಿಸಿ ಮುಂದಕ್ಕೆ ಕಳಿಸುವ ರೀಜನರೇಟರ್, ಸಮಯದ ಏರುಪೇರನ್ನು ತಿದ್ದುವ ರೀಕ್ಲಾಕರ್, ಎರಡು ಸಾಧನಗಳ ನಡುವಿನ ವಿದ್ಯುತ್ ನಂಟನ್ನೇ ಕಡಿಯುವ ಐಸೊಲೇಟರ್, ಕೊನೆಗೆ ಆಡಿಯೋಗೆಂದೇ ಮಾಡಿದ್ದು ಎಂದು ಹೇಳಿಕೊಳ್ಳುವ, ನೆಟ್‌ವರ್ಕ್ ಕೇಬಲ್‌ಗಳನ್ನು ಒಂದೆಡೆ ಕೂಡಿಸುವ ಸ್ವಿಚ್. ಆಡಿಯೋಕ್ವೆಸ್ಟ್‌ನ ಜಿಟ್ಟರ್‌ಬಗ್, ಐಫೈಯ ಐಪ್ಯೂರಿಫೈಯರ್, ಅಪ್‌ಟೋನ್‌ನ ಈಥರ್‌ರೀಜನ್ ಈ ಗುಂಪಿನಲ್ಲಿ ಹೆಚ್ಚು ಕೇಳಿಬರುವ ಹೆಸರುಗಳು. ಇವುಗಳ ಕೆಲಸ ಬೇರೆಬೇರೆಯಾದರೂ ಭರವಸೆ ಒಂದೇ: ಡಿಜಿಟಲ್ ಸಿಗ್ನಲಿಗೆ ಕೊಳೆ ಹತ್ತಿದೆ, ನಾವು ತೊಳೆದು ಕೊಡುತ್ತೇವೆ.

ಕೊಂಡವರಲ್ಲಿ ಅನೇಕರು ಗಾಯಕರ ಮುಂದಿದ್ದ ತೆರೆ ಸರಿದಂತಾಯಿತು, ವಾದ್ಯಗಳ ನಡುವೆ ಜಾಗ ಹುಟ್ಟಿತು ಎನ್ನುತ್ತಾರೆ. ಎದುರು ಗುಂಪಿನವರು ಸೊನ್ನೆಗೂ ಒಂದಕ್ಕೂ ಎಂಥ ಕೊಳೆ ಎಂದು ನಗುತ್ತಾರೆ. ನನ್ನ ಪ್ರಕಾರ ನಗುವವರ ತೀರ್ಮಾನ ಹೆಚ್ಚುಕಡಿಮೆ ಸರಿ; ಆದರೆ ಅವರು ಕೊಡುವ ಕಾರಣ ಸಾಲದು. ಕಾರಣ ಸಾಲದಿರುವುದರಿಂದಲೇ ಈ ಡಬ್ಬಿಗಳಲ್ಲಿ ನಿಜಕ್ಕೂ ಕೆಲಸಕ್ಕೆ ಬರುವ ಒಂದು ಬಗೆ ಅವರ ಕಣ್ಣಿಗೆ ಬೀಳುವುದಿಲ್ಲ, ಕೆಲಸಕ್ಕೆ ಬಾರದ ನಾಲ್ಕು ಬಗೆಗಳು ಅದರ ನೆರಳಿನಲ್ಲಿ ಮಾರಾಟವಾಗುತ್ತವೆ.

ಮೊದಲು ಸೊನ್ನೆ ಒಂದುಗಳ ವಿಚಾರವನ್ನು ಮುಗಿಸಿಬಿಡೋಣ. ಸಿಡಿ ಗುಣಮಟ್ಟದ ಸ್ಟೀರಿಯೊ ಎಂದರೆ ಸೆಕೆಂಡಿಗೆ 44,100 ಸ್ಯಾಂಪಲ್, ಒಂದೊಂದಕ್ಕೂ 16 ಬಿಟ್, ಎರಡು ಚಾನೆಲ್. ಗುಣಿಸಿದರೆ ಸೆಕೆಂಡಿಗೆ 14,11,200 ಬಿಟ್. ಯುಎಸ್‌ಬಿ 2.0ರ ಹೈ-ಸ್ಪೀಡ್ ಜೋಡಣೆ ಸೆಕೆಂಡಿಗೆ 48 ಕೋಟಿ ಬಿಟ್‌ಗಳ ವೇಗದಲ್ಲಿ ಓಡುತ್ತದೆ. ಒಂದು ಲಕ್ಷ ಕೋಟಿ ಬಿಟ್‌ಗೆ ಒಂದಕ್ಕಿಂತ ಹೆಚ್ಚು ತಪ್ಪಾಗಬಾರದು ಎಂಬುದು ಅದರ ವಿನ್ಯಾಸದ ಗುರಿ. ಆ ಲೆಕ್ಕದಲ್ಲಿ ಸಿಡಿ ಗುಣಮಟ್ಟದ ಸಂಗೀತವನ್ನು ಹಗಲೂ ರಾತ್ರಿ ಬಿಡದೆ ಹಾಕಿಟ್ಟರೆ ಸುಮಾರು ಎಂಟು ದಿನಕ್ಕೊಮ್ಮೆ ಒಂದು ಬಿಟ್ ಎಡವಬಹುದು. ಎಡವಿದರೂ ಕೇಳಿಸುವುದು 'ಟಕ್' ಎಂಬ ಸದ್ದು ಇಲ್ಲವೇ ಕ್ಷಣದ ಮೌನ. ತಪ್ಪಾದ ಬಿಟ್ ಒಂದು ಸ್ಯಾಂಪಲ್‌ನ ಮೇಲ್ತುದಿಯಲ್ಲಾದರೂ ಇದ್ದೀತು, ಕೆಳತುದಿಯಲ್ಲಾದರೂ ಇದ್ದೀತು. ಪಿಟೀಲಿನ ನಾದವನ್ನಷ್ಟೇ ಮಂಕು ಮಾಡಿ ಮೃದಂಗವನ್ನು ಹಾಗೇ ಬಿಡುವ ಬುದ್ಧಿ ಅದಕ್ಕಿಲ್ಲ. ಆದ್ದರಿಂದ 'ಡಬ್ಬಿ ಹಾಕಿದ ಮೇಲೆ ತಾರಸ್ಥಾಯಿ ಇಂಪಾಯಿತು' ಎಂಬ ವಿವರಣೆಯ ಹಿಂದೆ ಬಿಟ್ ತಪ್ಪು ಇರಲು ಸಾಧ್ಯವೇ ಇಲ್ಲ.

ಬಿಟ್‌ಗಳು ಹಾಗೇ ತಲುಪುತ್ತಿವೆಯೇ ಎಂದು ಯಾರು ಬೇಕಾದರೂ ನೋಡಬಹುದು. ಸಿನಿಮಾ ಧ್ವನಿಗೆ ಬಳಸುವ ಡಿಟಿಎಸ್ ಸಂಕೇತದಲ್ಲಿರುವ ಧ್ವನಿಯನ್ನು ಸಾಮಾನ್ಯ ವೇವ್ ಫೈಲಿನೊಳಗೆ ಇಟ್ಟು, ಡಿಜಿಟಲ್ ಔಟ್‌ಪುಟ್ ಮೂಲಕ ಹೋಮ್ ಥಿಯೇಟರ್ ರಿಸೀವರಿಗೆ ಕಳಿಸುವುದು ಹಳೆಯ ಉಪಾಯ. ದಾರಿಯಲ್ಲಿ ಅಂಕಿಗಳು ಬದಲಾದರೆ ರಿಸೀವರಿಗೆ ಅದು ಡಿಟಿಎಸ್ ಎಂದೇ ಗೊತ್ತಾಗುವುದಿಲ್ಲ. ಬರೀ ಸುಯ್‌ಗುಟ್ಟುವ ಗದ್ದಲ ಕೇಳುತ್ತದೆ. ಈ ಪರೀಕ್ಷೆ ಸೋಲುವುದುಂಟು. ಸೋತಾಗ ತಪ್ಪಿತಸ್ಥ ಬಹುಮಟ್ಟಿಗೆ ವೈರಲ್ಲ, ಕಂಪ್ಯೂಟರಿನೊಳಗಿನ ತಂತ್ರಾಂಶ. ವಾಲ್ಯೂಮ್ ಸ್ವಲ್ಪ ತಗ್ಗಿಸಿರುತ್ತೇವೆ, ಇಲ್ಲವೇ ಆಪರೇಟಿಂಗ್ ಸಿಸ್ಟಮ್‌ನ ಮಿಕ್ಸರ್ 44.1 ಕಿಲೋಹರ್ಟ್ಸ್‌ನ ಹಾಡನ್ನು 48ಕ್ಕೆ ಬದಲಾಯಿಸಿರುತ್ತದೆ. ಸೆಟ್ಟಿಂಗ್‌ನಲ್ಲಿ ತಿದ್ದುವ ಈ ಬದಲಾವಣೆ ಯಾವ ಫಿಲ್ಟರ್ ಡಬ್ಬಿಗೂ ಸಿಗುವುದಿಲ್ಲ. ಕೆಡಿಸಿದ ಅಂಕಿಗಳನ್ನೇ ಅದು ಶ್ರದ್ಧೆಯಿಂದ ಮುಂದಕ್ಕೆ ದಾಟಿಸುತ್ತದೆ.

ಹಾಗಾದರೆ ಕಾರಣ ಸಾಲದು ಎಂದದ್ದೇಕೆ? ಅಂಕಿಗಳು ಸರಿಯಾಗಿ ತಲುಪಿದ ಮಾತ್ರಕ್ಕೆ ಸಂಗೀತ ಹುಟ್ಟುವುದಿಲ್ಲ. ಅವನ್ನು ವೋಲ್ಟೇಜ್ ಆಗಿ ಬದಲಾಯಿಸುವ ಡ್ಯಾಕ್ ಎಂಬ ಸಾಧನಕ್ಕೆ ಇನ್ನೆರಡು ಸಂಗತಿಗಳು ಬೇಕು. ಪ್ರತಿ ಅಂಕಿಯನ್ನೂ ಸರಿಯಾದ ಗಳಿಗೆಯಲ್ಲಿ ಬದಲಾಯಿಸಲು ಸ್ಥಿರವಾದ ಗಡಿಯಾರ, ಬದಲಾದ ವೋಲ್ಟೇಜನ್ನು ಅಳೆದು ಕೊಡಲು ಅಲುಗದ ವಿದ್ಯುತ್ ಆಧಾರ. ಡಿಜಿಟಲ್ ವೈರಿನಿಂದ ಅನಲಾಗ್ ಧ್ವನಿಗೆ ಏನಾದರೂ ಕೇಡು ತಾಗಬೇಕಾದರೆ ಈ ಎರಡು ಬಾಗಿಲುಗಳಿಂದಲೇ ಬರಬೇಕು.

ಗಡಿಯಾರದ ಬಾಗಿಲು

ಸಿಡಿಯ ಹಾಡಿನಲ್ಲಿ ಒಂದು ಸ್ಯಾಂಪಲಿಗೂ ಮುಂದಿನದಕ್ಕೂ ನಡುವೆ 22.7 ಮೈಕ್ರೊಸೆಕೆಂಡ್ ಅಂತರ. ಈ ಅಂತರ ಒಮ್ಮೆ ತುಸು ಹಿಗ್ಗಿ ಒಮ್ಮೆ ತುಸು ಕುಗ್ಗಿದರೆ ಅದನ್ನು ಜಿಟ್ಟರ್ ಎನ್ನುತ್ತಾರೆ. 1980ರ ದಶಕದಲ್ಲಿ ಬಂದ, ಸಿಡಿ ಪ್ಲೇಯರಿನಂಥ ಸಾಧನದಿಂದ ಡ್ಯಾಕ್‌ಗೆ ಡಿಜಿಟಲ್ ಧ್ವನಿ ಒಯ್ಯುವ ಎಸ್/ಪಿಡಿಐಎಫ್ ಜೋಡಣೆಯಲ್ಲಿ ಇದು ಕಟ್ಟುಕಥೆಯಾಗಿರಲಿಲ್ಲ. ಅಲ್ಲಿ ಅಂಕಿಗಳೂ ಗಡಿಯಾರವೂ ಒಂದೇ ವೈರಿನಲ್ಲಿ ಬೆರೆತು ಹೋಗುತ್ತವೆ. ಆಚೆ ತುದಿಯ ಡ್ಯಾಕ್ ಆ ಸಿಗ್ನಲಿನ ಏರಿಳಿತಗಳಿಂದಲೇ ಗಡಿಯಾರವನ್ನು ಹೆಕ್ಕಿಕೊಳ್ಳಬೇಕು. ವೈರು ಸಿಗ್ನಲಿನ ಅಂಚುಗಳನ್ನು ಸ್ವಲ್ಪ ಮೊಂಡಾಗಿಸಿದರೂ ಏರಿಳಿತದ ಗಳಿಗೆ ಹಿಂದುಮುಂದಾಗುತ್ತದೆ. ಎಷ್ಟು ಹಿಂದುಮುಂದಾಗುತ್ತದೆ ಎನ್ನುವುದು ಹಿಂದೆ ಬಂದ ಬಿಟ್‌ಗಳ ಮೇಲೆ ನಿಂತಿದೆ. ಅಂದರೆ ಗಡಿಯಾರದ ನಡುಕಕ್ಕೆ ಹಾಡಿನದೇ ಛಾಯೆ ಬರುತ್ತದೆ. ಬ್ರಿಟಿಷ್ ಎಂಜಿನಿಯರ್ ಜೂಲಿಯನ್ ಡನ್ 1990ರ ದಶಕದಲ್ಲಿ ಇದನ್ನು ಕೂಲಂಕಷವಾಗಿ ಅಧ್ಯಯನ ಮಾಡಿ, ಇಂಥ ಜಿಟ್ಟರನ್ನು ಬೇಕೆಂದೇ ಕೆರಳಿಸುವ ಜೆ-ಟೆಸ್ಟ್ ಎಂಬ ಪರೀಕ್ಷಾ ಸಿಗ್ನಲ್ ರೂಪಿಸಿದರು. ಇವತ್ತಿಗೂ ಡ್ಯಾಕ್ ಅಳೆಯುವವರು ಬಳಸುವುದು ಅದನ್ನೇ. ಆ ಕಾಲದ ರೀಕ್ಲಾಕರ್‌ಗಳಿಗೆ ಮಾಡಲು ನಿಜವಾದ ಕೆಲಸವಿತ್ತು ಎಂಬುದನ್ನು ಒಪ್ಪಲೇಬೇಕು.

ಜಿಟ್ಟರ್ ಎಷ್ಟಿದ್ದರೆ ಎಷ್ಟು ಕೆಡುಕು ಎನ್ನುವುದಕ್ಕೆ ಲೆಕ್ಕವಿದೆ. 10 ಕಿಲೋಹರ್ಟ್ಸ್‌ನ ಶುದ್ಧ ಸ್ವರವನ್ನು ಒಂದು ನ್ಯಾನೊಸೆಕೆಂಡ್ ಆಚೀಚೆ ತೂಗುವ ಗಡಿಯಾರದಿಂದ ನುಡಿಸಿದರೆ, ಆ ಸ್ವರದ ಎರಡೂ ಪಕ್ಕದಲ್ಲಿ ಮೂಲಕ್ಕಿಂತ 90 ಡೆಸಿಬೆಲ್ ಕೆಳಗೆ ಎರಡು ಕಳ್ಳಸ್ವರಗಳು ಹುಟ್ಟುತ್ತವೆ. ತೂಗಾಟ ಹತ್ತರಲ್ಲೊಂದು ಪಾಲಾದರೆ, ಅಂದರೆ 0.1 ನ್ಯಾನೊಸೆಕೆಂಡ್ ಆದರೆ, ಅವು 110 ಡೆಸಿಬೆಲ್ ಕೆಳಕ್ಕೆ ಹೋಗುತ್ತವೆ. 100 ಡೆಸಿಬೆಲ್ ಎಂಬ ಕಿವಿಗಡಚಿಕ್ಕುವ ಮಟ್ಟದಲ್ಲಿ ಸಂಗೀತ ಹಾಕಿದರೂ ಆ ಕಳ್ಳಸ್ವರ ಕಿವಿಯ ಕನಿಷ್ಠ ಮಿತಿಗಿಂತ ಕೆಳಗೇ ಉಳಿಯುತ್ತದೆ. ಸಾಲದ್ದಕ್ಕೆ ಪಕ್ಕದಲ್ಲೇ ಅಬ್ಬರಿಸುತ್ತಿರುವ ಮೂಲಸ್ವರ ಅದನ್ನು ಮುಚ್ಚಿಬಿಡುತ್ತದೆ. ಇಂದಿನ ಒಳ್ಳೆಯ ಡ್ಯಾಕ್‌ಗಳಲ್ಲಿ, ದುಬಾರಿಯಲ್ಲದವುಗಳಲ್ಲೂ, ಜೆ-ಟೆಸ್ಟ್‌ನ ಪಕ್ಕದ ಗೆರೆಗಳು ಮೂಲಕ್ಕಿಂತ 120 ಡೆಸಿಬೆಲ್ ಕೆಳಗೋ ಅದಕ್ಕಿಂತ ಕೆಳಗೋ ಇರುವುದು ಸಾಮಾನ್ಯ.

ಇದು ಕಾಗದದ ಲೆಕ್ಕವಷ್ಟೇ ಅಲ್ಲ. ಡಾಲ್ಬಿ ಸಂಸ್ಥೆಯ ಎರಿಕ್ ಬೆಂಜಮಿನ್ ಮತ್ತು ಬೆಂಜಮಿನ್ ಗ್ಯಾನನ್ 1998ರಲ್ಲಿ ಪ್ರಕಟಿಸಿದ ಆಲಿಕೆ ಪರೀಕ್ಷೆಗಳಲ್ಲಿ, ಜಿಟ್ಟರ್ ಪತ್ತೆಗೆ ಅತ್ಯಂತ ಅನುಕೂಲವಾದ ಶುದ್ಧ ಸ್ವರಕ್ಕೇ ಸುಮಾರು 10 ನ್ಯಾನೊಸೆಕೆಂಡ್ ಬೇಕಾಯಿತು. ಸಂಗೀತಕ್ಕೆ ಹತ್ತಾರು ನ್ಯಾನೊಸೆಕೆಂಡ್. 2005ರಲ್ಲಿ ಜಪಾನಿನ ಕಾವೊರು ಅಶಿಹಾರಾ ಮತ್ತು ಸಂಗಡಿಗರು ಪಳಗಿದ ಕಿವಿಯವರನ್ನೇ ಕೂರಿಸಿ, ಅವರಿಗಿಷ್ಟವಾದ ಸಂಗೀತವನ್ನೇ ಕೊಟ್ಟು ನೋಡಿದಾಗ ಅಡ್ಡಾದಿಡ್ಡಿ ಜಿಟ್ಟರ್ ಗುರುತಿಸಲು ನೂರಾರು ನ್ಯಾನೊಸೆಕೆಂಡ್ ಬೇಕಾಯಿತು. ಮಾರುಕಟ್ಟೆಯಲ್ಲಿ ಪೈಪೋಟಿ ನಡೆದಿರುವುದು 0.1 ನ್ಯಾನೊಸೆಕೆಂಡನ್ನು ಇನ್ನೂ ಇಳಿಸುವುದರಲ್ಲಿ.

ಇಲ್ಲಿ ಸ್ಪೀಕರಿನ ಕಡೆ ಒಮ್ಮೆ ತಿರುಗಿ ನೋಡುವುದು ಒಳ್ಳೆಯದು. ಮಂದ್ರದ ಸ್ವರಕ್ಕೆ ವೂಫರಿನ ಕೋನ್ ಹಿಂದಕ್ಕೂ ಮುಂದಕ್ಕೂ ಒಂದೊಂದು ಮಿಲಿಮೀಟರ್ ಚಲಿಸಿತು ಎನ್ನಿ. ಅದೇ ಕೋನ್ ಅದೇ ಹೊತ್ತಿಗೆ ಗಾಯಕರ ದನಿಯನ್ನೂ ಹೊಮ್ಮಿಸುತ್ತಿರುತ್ತದೆ. ಶಬ್ದಕ್ಕೆ ಒಂದು ಮಿಲಿಮೀಟರ್ ದಾಟಲು 2.9 ಮೈಕ್ರೊಸೆಕೆಂಡ್ ಬೇಕು. ಅಂದರೆ ಆ ದನಿ ನಿಮ್ಮ ಕಿವಿ ತಲುಪುವ ಗಳಿಗೆ 2,900 ನ್ಯಾನೊಸೆಕೆಂಡ್ ಆಚೀಚೆ ತೂಗುತ್ತಿರುತ್ತದೆ. ಗಣಿತದಲ್ಲಿ ಇದೂ ಜಿಟ್ಟರೂ ಒಂದೇ ಜಾತಿ. ಜಾಹೀರಾತಿನ 0.1 ನ್ಯಾನೊಸೆಕೆಂಡಿನ ಇಪ್ಪತ್ತೊಂಬತ್ತು ಸಾವಿರ ಪಟ್ಟು ದೊಡ್ಡದಾದ ತೂಗಾಟವನ್ನು ನಾವೆಲ್ಲ ದಿನವೂ ಕೇಳಿ ಆನಂದಿಸುತ್ತಿದ್ದೇವೆ, ಒಬ್ಬರೂ ದೂರು ಕೊಟ್ಟಿಲ್ಲ.

ಯುಎಸ್‌ಬಿಯಲ್ಲಿ ಗಡಿಯಾರದ ಬಾಗಿಲನ್ನು ಇನ್ನೂ ಗಟ್ಟಿಯಾಗಿ ಮುಚ್ಚಿಯಾಗಿದೆ. ಹಳೆಯ ಅಡಾಪ್ಟಿವ್ ಪದ್ಧತಿಯಲ್ಲಿ ಡ್ಯಾಕ್ ಕಂಪ್ಯೂಟರಿನ ಓಟಕ್ಕೆ ಹೊಂದಿಕೊಂಡು ಓಡಬೇಕಿತ್ತು. ಈಗ ಎಲ್ಲೆಡೆ ಇರುವುದು ಅಸಿಂಕ್ರೊನಸ್ ಪದ್ಧತಿ. ಇಲ್ಲಿ ಯಜಮಾನಿಕೆ ಡ್ಯಾಕ್‌ನದು. ಅದರೊಳಗೇ ಒಂದು ಕ್ರಿಸ್ಟಲ್ ಗಡಿಯಾರವಿರುತ್ತದೆ. ಕಂಪ್ಯೂಟರಿನಿಂದ ಗೊಂಚಲು ಗೊಂಚಲಾಗಿ ಬಂದ ಅಂಕಿಗಳು ಮೊದಲು ಬಫರ್ ಎಂಬ ನೆನಪಿನ ತೊಟ್ಟಿಯಲ್ಲಿ ಬೀಳುತ್ತವೆ. ತೊಟ್ಟಿ ತುಂಬುತ್ತಿದ್ದರೆ ನಿಧಾನಿಸು, ಬರಿದಾಗುತ್ತಿದ್ದರೆ ಬೇಗ ಕಳಿಸು ಎಂದು ಡ್ಯಾಕ್ ಕಂಪ್ಯೂಟರಿಗೆ ಹೇಳಿಕಳಿಸುತ್ತದೆ. ಮಾಳಿಗೆ ಮೇಲಿನ ಟ್ಯಾಂಕಿಗೆ ನಲ್ಲಿ ನೀರು ಹೇಗೆ ಬಂದು ಬಿದ್ದರೂ ಸ್ನಾನದ ಮನೆಯ ನಲ್ಲಿಯಲ್ಲಿ ಹರಿವು ಬದಲಾಗದಲ್ಲ, ಹಾಗೆ. ಡ್ಯಾಕ್‌ಗೆ ಮುಂಚೆ ರೀಕ್ಲಾಕರ್ ಸಿಕ್ಕಿಸುವುದೆಂದರೆ ಟ್ಯಾಂಕಿಗೆ ಬೀಳುವ ನೀರನ್ನು ತಾಳಬದ್ಧವಾಗಿ ಬೀಳಿಸುವುದು. ಬೀಳಿಸಬಹುದು, ಟ್ಯಾಂಕಿನ ಕೆಳಗಿರುವವರಿಗೆ ಅದು ಗೊತ್ತಾಗುವ ದಾರಿಯಿಲ್ಲ.

ರೀಕ್ಲಾಕಿಂಗ್‌ಗೆ ಇನ್ನೂ ಅರ್ಥವಿರುವ ಕಡೆಗಳಿಲ್ಲವೇ? ಇವೆ, ಕಡಿಮೆಯಾಗುತ್ತಿವೆ. ಹಳೆಯ ಸಿಡಿ ಪ್ಲೇಯರನ್ನು ಎಸ್/ಪಿಡಿಐಎಫ್ ಮೂಲಕ ಅಷ್ಟೇ ಹಳೆಯ ಡ್ಯಾಕ್‌ಗೆ ಜೋಡಿಸಿದವರು, ಟಿವಿಯ ಡಿಜಿಟಲ್ ಔಟ್‌ಪುಟ್‌ನಿಂದ ಸಂಗೀತ ಕೇಳುವವರು ಈ ಪಟ್ಟಿಯಲ್ಲಿ ಬರಬಹುದು. ಎಚ್‌ಡಿಎಂಐಯಲ್ಲಂತೂ ಧ್ವನಿಯ ಗಡಿಯಾರವನ್ನು ಚಿತ್ರದ ಗಡಿಯಾರದಿಂದ ಲೆಕ್ಕಹಾಕಿ ಹುಟ್ಟಿಸಬೇಕಾದ್ದರಿಂದ ಜಿಟ್ಟರ್ ಹೆಚ್ಚಿರುವುದು ಹೊಸತಲ್ಲ. ಆದರೆ ಈಗಿನ ಅನೇಕ ಡ್ಯಾಕ್ ಚಿಪ್‌ಗಳು ಬಂದ ಅಂಕಿಗಳನ್ನು ತಮ್ಮದೇ ಗಡಿಯಾರಕ್ಕೆ ಹೊಂದಿಸಿಕೊಳ್ಳುವ ಲೆಕ್ಕಾಚಾರವನ್ನು ಒಳಗೇ ಮಾಡಿಕೊಳ್ಳುವುದರಿಂದ ಹಳೆಯ ತೊಂದರೆಗೂ ಹೊಸ ಡಬ್ಬಿ ಬೇಕಿಲ್ಲ.

ನೆಲದ ಬಾಗಿಲು

ಎರಡನೆಯ ಬಾಗಿಲಿನ ಕಥೆ ಬೇರೆ. ಇಲ್ಲಿ ಕೊಳೆ ನಿಜ, ಕಿವಿಗೆ ಕೇಳಿಸುವುದೂ ನಿಜ.

ಯುಎಸ್‌ಬಿ 2.0 ಕೇಬಲ್ಲಿನೊಳಗೆ ನಾಲ್ಕು ತಂತಿಗಳು: ಅಂಕಿಗಳಿಗೆ ಎರಡು, 5 ವೋಲ್ಟ್ ವಿದ್ಯುತ್ತಿಗೆ ಒಂದು, ಗ್ರೌಂಡ್‌ಗೆ, ಅಂದರೆ ವೋಲ್ಟೇಜ್ ಅಳೆಯಲು ಆಧಾರವಾದ 'ನೆಲ'ಕ್ಕೆ, ಒಂದು. ಮೊದಲೆರಡರಲ್ಲಿ ಅಂಕಿಗಳು ನೆಟ್ಟಗೆ ಹೋಗುತ್ತವೆ ಎಂದು ನೋಡಿದ್ದಾಯಿತು. ಉಳಿದೆರಡರಲ್ಲಿ ಕಂಪ್ಯೂಟರಿನ ಒಳಗಿನ ಸಂತೆಯೆಲ್ಲ ಹರಿದು ಬರಬಹುದು. ಮೌಸ್ ಅಲ್ಲಾಡಿಸಿದಾಗ ಹೆಡ್‌ಫೋನಿನಲ್ಲಿ ಕಿರಿಕಿರಿ ಸದ್ದು, ಪುಟ ಸರಿಸಿದಾಗ ಗೀರು ಸದ್ದು, ಗೇಮ್ ತೆರೆದ ಕೂಡಲೇ ಸಣ್ಣ ಕೂಗು ಕೇಳಿದವರು ಬಹಳ ಮಂದಿ. ಯುಎಸ್‌ಬಿಯ ಪ್ಯಾಕೆಟ್‌ಗಳ ಲಯವೂ ನುಸುಳಬಹುದು. ಫುಲ್-ಸ್ಪೀಡ್ ಜೋಡಣೆಯಲ್ಲಿ ಸೆಕೆಂಡಿಗೆ 1,000 ಬಾರಿ, ಹೈ-ಸ್ಪೀಡ್‌ನಲ್ಲಿ 8,000 ಬಾರಿ ಸಾಧನ ಎಚ್ಚೆತ್ತು ಕೆಲಸ ಮಾಡಿ ಮಲಗುತ್ತದೆ. ಪ್ರತಿ ಸಲವೂ ಅದು ಎಳೆಯುವ ಕರೆಂಟು ಏರಿ ಇಳಿಯುತ್ತದೆ. ಡ್ಯಾಕ್‌ನ ಬೋರ್ಡನ್ನು ಅಡ್ಡಾದಿಡ್ಡಿ ವಿನ್ಯಾಸ ಮಾಡಿದ್ದರೆ 1 ಕಿಲೋಹರ್ಟ್ಸ್ ಅಥವಾ 8 ಕಿಲೋಹರ್ಟ್ಸ್‌ನ ತೆಳು ಸಿಳ್ಳೆಯಾಗಿ ಇದು ಅನಲಾಗ್ ಔಟ್‌ಪುಟ್‌ನಲ್ಲಿ ಕಾಣಿಸಿಕೊಳ್ಳುತ್ತದೆ. ಇಂಥ ಸಾಧನಕ್ಕೆ ಫಿಲ್ಟರ್ ಹಾಕಿ ಸ್ವಲ್ಪ ಮಟ್ಟಿಗೆ ತೇಪೆ ಹಚ್ಚಬಹುದು. ನನ್ನನ್ನು ಕೇಳಿದರೆ ಆ ಹಣ ಬೇರೆ ಡ್ಯಾಕ್‌ಗೆ ಹೋಗಬೇಕು.

ಇದಕ್ಕಿಂತ ಸೂಕ್ಷ್ಮವಾದ, ಒಳ್ಳೆಯ ಡ್ಯಾಕ್ ಇದ್ದರೂ ಬರುವ ತೊಂದರೆಯೊಂದಿದೆ: ಗ್ರೌಂಡ್ ಲೂಪ್. ಕಂಪ್ಯೂಟರ್ ಅರ್ಥ್ ಇರುವ ಪ್ಲಗ್ಗಿಗೆ ಸಿಕ್ಕಿದೆ, ಆಂಪ್ಲಿಫೈಯರ್ ಕೂಡ. ಕಂಪ್ಯೂಟರಿನ ಗ್ರೌಂಡ್ ಯುಎಸ್‌ಬಿ ವೈರಿನ ಮೂಲಕ ಡ್ಯಾಕ್‌ಗೆ, ಅಲ್ಲಿಂದ ಅನಲಾಗ್ ಧ್ವನಿ ಒಯ್ಯುವ ಆರ್‌ಸಿಎ ಕೇಬಲ್ಲಿನ ಹೊರಕವಚದ ಮೂಲಕ ಆಂಪ್ಲಿಫೈಯರಿಗೆ, ಅಲ್ಲಿಂದ ಅರ್ಥ್ ತಂತಿಯಲ್ಲಿ ಮತ್ತೆ ಕಂಪ್ಯೂಟರಿಗೆ. ಹೀಗೆ ಒಂದು ಸುತ್ತು ಪೂರ್ತಿಯಾಯಿತು. ಈ ಸುತ್ತಿನಲ್ಲಿ ಸಣ್ಣ ಕರೆಂಟು ಸದಾ ಹರಿಯುತ್ತಿರುತ್ತದೆ. ಆರ್‌ಸಿಎ ಕೇಬಲ್ಲಿನಲ್ಲಿ ಹೊರಕವಚವೇ ಸಿಗ್ನಲಿನ ಅರ್ಧಭಾಗ; ಆಂಪ್ಲಿಫೈಯರ್ ಅಳೆಯುವುದು ಒಳತಂತಿಗೂ ಕವಚಕ್ಕೂ ನಡುವಿನ ವ್ಯತ್ಯಾಸವನ್ನು. ಕವಚದ ರೋಧ 0.1 ಓಮ್, ಅದರಲ್ಲಿ ಹರಿವ ಕರೆಂಟು 1 ಮಿಲಿಆಂಪಿಯರ್ ಎಂದು ಇಟ್ಟುಕೊಂಡರೆ 0.1 ಮಿಲಿವೋಲ್ಟ್‌ನಷ್ಟು ಹಮ್, ಅಂದರೆ ಗುಂಯ್‌ಗುಟ್ಟುವ ಸದ್ದು, ಹಾಡಿಗೆ ಸೇರಿಹೋಯಿತು. 2 ವೋಲ್ಟ್‌ನ ಪೂರ್ಣ ಸಿಗ್ನಲಿಗೆ ಹೋಲಿಸಿದರೆ ಅದು 86 ಡೆಸಿಬೆಲ್ ಕೆಳಗೆ. ಒಳ್ಳೆಯ ಡ್ಯಾಕ್ ತನ್ನ ಗದ್ದಲವನ್ನು 115, 120 ಡೆಸಿಬೆಲ್ ಕೆಳಗಿಟ್ಟು ಕೊಟ್ಟದ್ದು ಒಂದು ಮೀಟರ್ ವೈರಿನಲ್ಲಿ ಹಾಳಾಗಿರುತ್ತದೆ. ಸೂಕ್ಷ್ಮವಾದ ಸ್ಪೀಕರ್ ಇದ್ದವರಿಗೆ, ಮೇಜಿನ ಮೇಲೆ ಪವರ್ಡ್ ಸ್ಪೀಕರ್ ಇಟ್ಟು ಹತ್ತಿರ ಕೂರುವವರಿಗೆ ಇದು ಗುಂಯ್ ಎಂದೋ ಝುಂಯ್ ಎಂದೋ ಕೇಳಿಸುತ್ತದೆ.

ಲ್ಯಾಪ್‌ಟಾಪಿನ ಎರಡು ಪಿನ್ ಚಾರ್ಜರ್‌ಗಳಲ್ಲಿ ಅರ್ಥ್ ಇಲ್ಲವಾದರೂ ತೊಂದರೆ ತಪ್ಪುವುದಿಲ್ಲ. ರೇಡಿಯೊ ಅಡಚಣೆ ತಗ್ಗಿಸಲೆಂದು ಚಾರ್ಜರಿನೊಳಗೆ ಮುಖ್ಯ ವಿದ್ಯುತ್ತಿನ ಕಡೆಗೂ ಔಟ್‌ಪುಟ್ ಕಡೆಗೂ ನಡುವೆ ಒಂದು ಪುಟ್ಟ ಕೆಪಾಸಿಟರ್ ಹಾಕಿರುತ್ತಾರೆ. ಅದರ ಮೂಲಕ ಅಲ್ಪ ಕರೆಂಟು ಸೋರುತ್ತದೆ. ಚಾರ್ಜಿಗೆ ಹಾಕಿದ ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದಾಗ ಜುಮ್ಮೆನ್ನುವುದು ಇದರಿಂದಲೇ. ಅದೇ ಸೋರಿಕೆ ಯುಎಸ್‌ಬಿ ಗ್ರೌಂಡ್ ಹಿಡಿದು ಆಂಪ್ಲಿಫೈಯರಿನ ಅರ್ಥ್ ಹುಡುಕಿಕೊಂಡು ಹೋಗುತ್ತದೆ.

ಈಗ ಡಬ್ಬಿಗಳನ್ನು ಈ ಬೆಳಕಿನಲ್ಲಿ ನೋಡಿ. 5 ವೋಲ್ಟ್ ತಂತಿಗೆ ಫಿಲ್ಟರ್ ಹಾಕುವ ಕಡ್ಡಿಗಳು ಗ್ರೌಂಡ್ ತಂತಿಯನ್ನು ಹಾಗೇ ಬಿಡುತ್ತವೆ; ಸುತ್ತು ತುಂಡಾಗುವುದಿಲ್ಲ, ಗುಂಯ್ ನಿಲ್ಲುವುದಿಲ್ಲ. ರೀಜನರೇಟರ್‌ಗಳದೂ ಬಹುಮಟ್ಟಿಗೆ ಇದೇ ಪಾಡು. ಕಂಪ್ಯೂಟರಿನ ಕಡೆಯ ಗ್ರೌಂಡನ್ನು ಡ್ಯಾಕ್‌ನ ಗ್ರೌಂಡಿನಿಂದ ಪೂರ್ತಿ ಬೇರ್ಪಡಿಸಿ, ಅಂಕಿಗಳನ್ನು ಮಾತ್ರ ಕಾಂತಕ್ಷೇತ್ರದ ಮೂಲಕವೋ ಬೆಳಕಿನ ಮೂಲಕವೋ ದಾಟಿಸುವ ಐಸೊಲೇಟರ್ ಒಂದೇ ರೋಗದ ಬುಡಕ್ಕೆ ಕೈಹಾಕುತ್ತದೆ. ಅದು ಸರಿಪಡಿಸಿದಾಗ ಆಗುವ ಬದಲಾವಣೆ ಗಾಯನದ ಭಾವಕ್ಕೆ ಸಂಬಂಧಿಸಿದ್ದಲ್ಲ. ಇದ್ದ ಹಮ್ ಇಲ್ಲವಾಗುತ್ತದೆ, ಅಷ್ಟೇ. ಸಂಗೀತವೇ ಗೊತ್ತಿಲ್ಲದವರೂ ಅದನ್ನು ಹೇಳಬಲ್ಲರು.

ನಿಮ್ಮಲ್ಲಿ ಈ ರೋಗ ಇದೆಯೇ ಎಂದು ತಿಳಿಯಲು ಏನನ್ನೂ ಕೊಳ್ಳಬೇಕಿಲ್ಲ. ಹಾಡು ನಿಲ್ಲಿಸಿ, ವಾಲ್ಯೂಮನ್ನು ಎಂದಿನ ಮಟ್ಟದಲ್ಲೇ ಬಿಟ್ಟು, ಸ್ಪೀಕರಿನ ಹತ್ತಿರ ಕಿವಿಯಿಟ್ಟು ಕೇಳಿ. ಸದ್ದಿದ್ದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ, ಆಮೇಲೆ ಯುಎಸ್‌ಬಿ ಕೇಬಲ್ ಕಿತ್ತು ನೋಡಿ. ಎರಡಕ್ಕೂ ಸದ್ದು ಬದಲಾಗದಿದ್ದರೆ ಅದು ಆಂಪ್ಲಿಫೈಯರಿನದೇ ಸುಯ್. ಯಾವ ಡಿಜಿಟಲ್ ಸಾಮಾನೂ ಅದನ್ನು ಮುಟ್ಟಲಾರದು. ಚಾರ್ಜರ್ ಕಿತ್ತ ಕೂಡಲೇ ನಿಂತರೆ ಕಾರಣ ಸಿಕ್ಕಿತು. ಬ್ಯಾಲೆನ್ಸ್ಡ್ ಎಕ್ಸ್‌ಎಲ್‌ಆರ್ ಕೇಬಲ್ ಬಳಸಲು ಎರಡೂ ಕಡೆ ಅನುಕೂಲವಿದ್ದರೆ ಅದೂ ಮದ್ದೇ, ಏಕೆಂದರೆ ಅಲ್ಲಿ ಕವಚ ಸಿಗ್ನಲಿನ ಭಾಗವಲ್ಲ. ಹಮ್ ನಿಲ್ಲಿಸಲು ಪ್ಲಗ್ಗಿನ ಅರ್ಥ್ ಪಿನ್ ಮುರಿಯುವ ಅಥವಾ ಟೇಪು ಸುತ್ತುವ ಸಲಹೆ ಅಲ್ಲಲ್ಲಿ ಸಿಗುತ್ತದೆ. ಅದನ್ನು ಮಾತ್ರ ಮಾಡಬೇಡಿ. ಒಳಗೆಲ್ಲೋ ತಂತಿ ತಾಗಿದ ದಿನ ಆ ಪಿನ್ ಕಾಯುವುದು ನಿಮ್ಮ ಜೀವವನ್ನು.

ನೆಟ್‌ವರ್ಕ್ ಸ್ವಿಚ್‌ಗಳ ವಿಷಯಕ್ಕೆ ಹೆಚ್ಚು ಮಾತು ಬೇಕಿಲ್ಲ. ತಾಮ್ರದ ಈಥರ್ನೆಟ್ ಪೋರ್ಟಿನಲ್ಲಿ ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತದೆ. 1,500 ವೋಲ್ಟ್ ತಡೆಯುವಷ್ಟು ಪ್ರತ್ಯೇಕತೆ ಆ ಮಾನದಂಡದಲ್ಲೇ ಬರೆದಿದೆ. ಲೋಹದ ಕವಚವಿಲ್ಲದ ಸಾಮಾನ್ಯ ಕೇಬಲ್ ಬಳಸಿದರೆ ಗ್ರೌಂಡ್ ಸುತ್ತು ಹುಟ್ಟುವುದೇ ಇಲ್ಲ. ಆಡಿಯೋಗೆಂದು ಮಾರುವ ದಪ್ಪ ಕವಚದ ಕೇಬಲ್ ಎರಡೂ ತುದಿಯಲ್ಲಿ ಲೋಹಕ್ಕೆ ಜೋಡಿಸಿಕೊಂಡು ಇಲ್ಲದ ಸುತ್ತನ್ನು ಸೃಷ್ಟಿಸಬಹುದು ಎಂಬುದೊಂದು ತಮಾಷೆ. ಸ್ಟ್ರೀಮಿಂಗ್‌ನಲ್ಲಿ ಅಂಕಿಗಳು ಹಲವು ಸೆಕೆಂಡುಗಳಷ್ಟು ಮುಂಚೆಯೇ ಬಂದು ಸ್ಟ್ರೀಮರಿನ ನೆನಪಿನಲ್ಲಿ ಕೂತಿರುತ್ತವೆ, ತಪ್ಪಿದ ಪ್ಯಾಕೆಟ್ ಮತ್ತೆ ತರಿಸಿಕೊಳ್ಳಲಾಗುತ್ತದೆ. ಹಾಡು ನಡೆಯುತ್ತಿರುವಾಗಲೇ ನೆಟ್‌ವರ್ಕ್ ಕೇಬಲ್ ಎಳೆದು ನೋಡಿ. ಹಾಡು ಸ್ವಲ್ಪ ಹೊತ್ತು ಮುಂದುವರಿಯುತ್ತದೆ. ಆ ಹೊತ್ತಿನಲ್ಲಿ ಸ್ವಿಚ್ಚೂ ಇಲ್ಲ, ಕೇಬಲ್ಲೂ ಇಲ್ಲ, ಅವುಗಳ ಕೊಳೆಯೂ ಇಲ್ಲ. ಆ ಕೆಲವು ಸೆಕೆಂಡು ಸಂಗೀತ ಹೆಚ್ಚು ಇಂಪಾಯಿತೇ? ಇಲ್ಲವೆಂದಾದರೆ ವಿಶೇಷ ಗಡಿಯಾರವಿರುವ ಸ್ವಿಚ್ ಏನನ್ನು ಸುಧಾರಿಸಬೇಕು?

ಕೇಳಿದ್ದು ಸುಳ್ಳೇ?

'ನೀವು ಏನೇ ಲೆಕ್ಕ ಹೇಳಿ, ನನ್ನ ಕಿವಿಗೆ ವ್ಯತ್ಯಾಸ ಕೇಳಿಸಿತು' ಎನ್ನುವವರನ್ನು ಸುಳ್ಳುಗಾರರು ಎನ್ನಲಾಗದು. ಅವರಿಗೆ ಕೇಳಿಸಿರುತ್ತದೆ. ಹೊಸ ಸಾಮಾನು ಹಾಕಿ ಕೂತವರು ಎಂದಿಗಿಂತ ಗಮನವಿಟ್ಟು ಕೇಳುತ್ತಾರೆ. ಗಮನವಿಟ್ಟರೆ ಹಳೆಯ ಹಾಡಿನಲ್ಲೂ ಹೊಸ ವಿವರ ಸಿಗುತ್ತದೆ. ಧ್ವನಿಯ ಸೂಕ್ಷ್ಮ ಗುಣ ಮನಸ್ಸಿನಲ್ಲಿ ಉಳಿಯುವುದು ಕೆಲವೇ ಸೆಕೆಂಡು. ಕೇಬಲ್ ಬದಲಾಯಿಸಲು ಹಿಡಿಯುವ ಸಮಯದಲ್ಲಿ ಹೋಲಿಸಲು ಬೇಕಾದ ನೆನಪೇ ಕರಗಿರುತ್ತದೆ. ಹಾರ್ಮನ್ ಸಂಸ್ಥೆಯಲ್ಲಿ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ 1994ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ, ಸ್ಪೀಕರ್ ಕಾಣುವಂತಿದ್ದಾಗ ಕೊಟ್ಟ ಅಂಕಗಳಿಗೂ ಪರದೆಯ ಹಿಂದಿಟ್ಟಾಗ ಕೊಟ್ಟ ಅಂಕಗಳಿಗೂ ಎದ್ದುಕಾಣುವ ಅಂತರವಿತ್ತು. ಸ್ಪೀಕರ್‌ಗಳಲ್ಲಿ ನಿಜವಾದ, ದೊಡ್ಡ ವ್ಯತ್ಯಾಸಗಳಿರುತ್ತವೆ. ಅಂಥವನ್ನೇ ಕಣ್ಣು ಹೀಗೆ ಆಳುವುದಾದರೆ, 120 ಡೆಸಿಬೆಲ್ ಕೆಳಗಿನ ವ್ಯತ್ಯಾಸದ ಗತಿ ಏನು?

ಬ್ರಾಡ್ ಮೇಯರ್ ಮತ್ತು ಡೇವಿಡ್ ಮೊರಾನ್ 2007ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದನ್ನೂ ಇಲ್ಲಿ ನೆನೆಯಬಹುದು. ಹೈ-ರೆಸಲ್ಯೂಶನ್ ಧ್ವನಿಯ ದಾರಿಯಲ್ಲಿ ಸಿಡಿ ಗುಣಮಟ್ಟಕ್ಕೆ ಇಳಿಸುವ ಸಾಧನವೊಂದನ್ನು ಗುಟ್ಟಾಗಿ ಸೇರಿಸಿ ತೆಗೆದು ಕೇಳಿಸಿದರು. 554 ಪ್ರಯತ್ನಗಳಲ್ಲಿ ಸರಿಯುತ್ತರ 276. ನಾಣ್ಯ ಚಿಮ್ಮಿದ್ದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತಿತ್ತು. 2016ರಲ್ಲಿ ಜೋಶುವಾ ರೀಸ್ ಇಂಥ 18 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಿಯುತ್ತರ 52.3 ಶೇಕಡಾ ಆಯಿತು, ತರಬೇತಿ ಪಡೆದವರಲ್ಲಿ ಇನ್ನಷ್ಟು ಹೆಚ್ಚು. ಚೂರು ಏನೋ ಕೇಳಿಸುತ್ತಿರಬಹುದು ಎಂದು ಅದು ಸೂಚಿಸಿತು. ಇವು ಡಬ್ಬಿಗಳ ಕುರಿತ ಪರೀಕ್ಷೆಗಳಲ್ಲ. ಆದರೆ ಅಂಕಿಗಳೇ ಬದಲಾದಾಗ ಕಿವಿ ಇಷ್ಟು ತಡಕಾಡುತ್ತದೆ. ಡಬ್ಬಿಯ ವಿಷಯದಲ್ಲಿ ಅಂಕಿಗಳೂ ಬದಲಾಗುವುದಿಲ್ಲ.

ಈ ಸಾಮಾನುಗಳನ್ನು ಮನೆಯಲ್ಲಿ ಪರೀಕ್ಷಿಸುವುದು ಆಂಪ್ಲಿಫೈಯರ್ ಪರೀಕ್ಷಿಸುವುದಕ್ಕಿಂತ ಸುಲಭ. ಆಂಪ್ಲಿಫೈಯರುಗಳಲ್ಲಿ ಸದ್ದಿನ ಮಟ್ಟವನ್ನು 0.1 ಡೆಸಿಬೆಲ್ ಒಳಗೆ ಸಮ ಮಾಡಬೇಕು, ಇಲ್ಲದಿದ್ದರೆ ತುಸು ಜೋರಾಗಿರುವುದೇ ಚೆನ್ನಾಗಿದೆ ಎನಿಸುತ್ತದೆ. ಇಲ್ಲಿ ಆ ತಲೆನೋವಿಲ್ಲ. ಅಂಕಿಗಳು ಒಂದೇ ಆದ್ದರಿಂದ ಮಟ್ಟವೂ ಒಂದೇ. ಮನೆಯಲ್ಲಿ ಇನ್ನೊಬ್ಬರು ಪ್ರತಿ ಸಲ ನಾಣ್ಯ ಚಿಮ್ಮಿ ಡಬ್ಬಿ ಸೇರಿಸಲಿ ಅಥವಾ ತೆಗೆಯಲಿ, ನೀವು ಕಾಣದಂತೆ ಕೂತು ಹೇಳಿ. 16 ಸಲದಲ್ಲಿ 12 ಅಥವಾ ಹೆಚ್ಚು ಸರಿಯಾದರೆ ಅದು ಬರೀ ಅದೃಷ್ಟದಿಂದ ಆಗಿರುವ ಸಂಭವ 100ಕ್ಕೆ ನಾಲ್ಕರಷ್ಟೂ ಇಲ್ಲ. ಗಂಭೀರವಾಗಿ ತೆಗೆದುಕೊಳ್ಳಬೇಕಾದ ಫಲಿತಾಂಶ ಅದು. ಇಷ್ಟು ತಾಳ್ಮೆ ಇಲ್ಲದವರು, ಧ್ವನಿ ದಾಖಲಿಸುವ ಒಳ್ಳೆಯ ಇಂಟರ್‌ಫೇಸ್ ಇದ್ದರೆ, ಡ್ಯಾಕ್‌ನ ಔಟ್‌ಪುಟನ್ನು ಡಬ್ಬಿ ಇದ್ದಾಗ ಒಮ್ಮೆ, ಇಲ್ಲದಾಗ ಒಮ್ಮೆ ದಾಖಲಿಸಿ ಒಂದರಿಂದೊಂದನ್ನು ಕಳೆಯಬಹುದು. ಡೆಲ್ಟಾವೇವ್ ಎಂಬ ತಂತ್ರಾಂಶ ಎರಡನ್ನೂ ಹೊಂದಿಸಿ ಕಳೆದು ಉಳಿದದ್ದನ್ನು ಕೇಳಿಸುತ್ತದೆ.

ತಯಾರಕರು ಕೊಡುವ ಚಿತ್ರಗಳನ್ನು ನೋಡುವಾಗಲೂ ಇದೇ ಔಟ್‌ಪುಟನ್ನು ಹುಡುಕಬೇಕು. 5 ವೋಲ್ಟ್ ತಂತಿಯ ಗದ್ದಲ ಮೊದಲು ಹೀಗಿತ್ತು, ಈಗ ಹೀಗಾಯಿತು ಎಂಬ ಗ್ರಾಫ್ ಇರುತ್ತದೆ. ಯುಎಸ್‌ಬಿ ಸಿಗ್ನಲಿನ ಅಲೆ ಮೊದಲು ಮೊಂಡಾಗಿತ್ತು, ಈಗ ಚೂಪಾಯಿತು ಎಂಬ ಚಿತ್ರ ಇರುತ್ತದೆ. ಅವು ಸುಳ್ಳಲ್ಲ, ಡಬ್ಬಿ ತನ್ನ ಜಾಗದಲ್ಲಿ ಏನೋ ಮಾಡುತ್ತಿದೆ ಎಂಬುದಕ್ಕೆ ಸಾಕ್ಷಿಯೇ. ಸ್ಪೀಕರಿಗೆ ಹೋಗುವುದು ಆ ತಂತಿಯಲ್ಲ ಎಂಬುದಷ್ಟೇ ತಕರಾರು. ಡ್ಯಾಕ್‌ನ ಆರ್‌ಸಿಎ ತುದಿಯಲ್ಲಿ, ಡಬ್ಬಿ ಇದ್ದಾಗಲೂ ಇಲ್ಲದಾಗಲೂ ಅಳೆದ ಎರಡು ಗೆರೆಗಳನ್ನು ಒಂದರ ಮೇಲೊಂದು ಇಟ್ಟು ತೋರಿಸುವ ತಯಾರಕರು ವಿರಳ. ಸ್ವತಂತ್ರವಾಗಿ ಅಳೆದವರು ಹಾಗೆ ಇಟ್ಟು ತೋರಿಸಿದಾಗ, ಡ್ಯಾಕ್ ಚೆನ್ನಾಗಿದ್ದಲ್ಲಿ, ಎರಡು ಗೆರೆಗಳು ಸಾಮಾನ್ಯವಾಗಿ ಒಂದೇ ಆಗಿ ಕಾಣುತ್ತವೆ. ಇದಕ್ಕೆ ಹೋಲಿಸಿದರೆ, ನಾಲ್ಕು ಮೀಟರ್ ಉದ್ದದ ಕೋಣೆಯೊಂದು 43 ಹರ್ಟ್ಸ್ ಸುತ್ತಮುತ್ತ ತಾನಾಗಿಯೇ ಅನುರಣಿಸಿ ಮಂದ್ರವನ್ನು ಹತ್ತು ಡೆಸಿಬೆಲ್‌ನಷ್ಟು ಏರಿಳಿಸಬಲ್ಲದು. ಕುರ್ಚಿಯನ್ನು ಅರ್ಧ ಮೀಟರ್ ಸರಿಸಿದರೆ ಆಗುವ ಬದಲಾವಣೆ ಅಳೆಯುವ ಮೈಕಿಗೂ ಕಾಣುತ್ತದೆ, ಕಿವಿಗೂ ಕೇಳುತ್ತದೆ.

ಹಮ್ ಇದೆ, ಕಾರಣ ಯುಎಸ್‌ಬಿ ಗ್ರೌಂಡೇ ಎಂದು ಖಚಿತವಾದವರು ಐಸೊಲೇಟರ್ ಕೊಳ್ಳುವ ಮುನ್ನ ಎರಡು ವಿವರ ನೋಡಿಕೊಳ್ಳಬೇಕು. ಅಗ್ಗದ ಐಸೊಲೇಟರ್‌ಗಳಲ್ಲಿ ಬಹಳ ಕಡೆ ಇರುವುದು ಅನಲಾಗ್ ಡಿವೈಸಸ್‌ನ ಎಡಿಯುಎಂ4160ನಂಥ ಚಿಪ್. ಅದರ ವೇಗ ಸೆಕೆಂಡಿಗೆ 1.2 ಕೋಟಿ ಬಿಟ್‌ನ ಫುಲ್-ಸ್ಪೀಡ್ ಮಾತ್ರ. ಅದರಲ್ಲಿ 24 ಬಿಟ್, 96 ಕಿಲೋಹರ್ಟ್ಸ್‌ವರೆಗಿನ ಸ್ಟೀರಿಯೊ ಹಾಯಾಗಿ ಹೋಗುತ್ತದೆ, ಆದರೆ ಹೈ-ಸ್ಪೀಡ್ ಬೇಡುವ ಕೆಲವು ಡ್ಯಾಕ್‌ಗಳನ್ನು ಕಂಪ್ಯೂಟರ್ ಗುರುತಿಸುವುದೇ ಇಲ್ಲ. ಅಂಥವಕ್ಕೆ 48 ಕೋಟಿ ಬಿಟ್ ವೇಗದ ಐಸೊಲೇಟರೇ ಬೇಕು. ಎರಡನೆಯದು ವಿದ್ಯುತ್ತು: ಡ್ಯಾಕ್ ಕಂಪ್ಯೂಟರಿನ 5 ವೋಲ್ಟನ್ನೇ ನಂಬಿದ್ದರೆ ಐಸೊಲೇಟರ್ ಒಳಗಿನ ಪುಟ್ಟ ಪರಿವರ್ತಕ ಅದಕ್ಕೆ ಸಾಕಾಗುವಷ್ಟು ಕರೆಂಟು ಕೊಡಬೇಕು, ಮತ್ತು ಆ ಪರಿವರ್ತಕವೇ ಹೊಸ ಗದ್ದಲದ ಮೂಲವಾಗಬಾರದು. ತನ್ನದೇ ಅಡಾಪ್ಟರ್ ಇರುವ ಡ್ಯಾಕ್ ಆದರೆ ಈ ಚಿಂತೆ ಕಡಿಮೆ. ಕಂಪ್ಯೂಟರಿನಲ್ಲೂ ಡ್ಯಾಕ್‌ನಲ್ಲೂ ಆಪ್ಟಿಕಲ್ ಪೋರ್ಟ್ ಇದ್ದರೆ ಒಂದು ಸಾಧಾರಣ ಆಪ್ಟಿಕಲ್ ಕೇಬಲ್ ಸಾಕು. ಬೆಳಕಿನ ಕೇಬಲ್ಲಿನಲ್ಲಿ ಗ್ರೌಂಡ್ ತಂತಿಯೇ ಇರುವುದಿಲ್ಲ.